ತಡೆ ಎಲ್ಲಿ? ಡೇಟಾಬೇಸ್ ಓದು, ಮೆಮೊರಿ ಮತ್ತು ಕಸದ ಲೆಕ್ಕ

(ಪುಣೆಯ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ವಿಜ್ಞಾನ ಅಥವಾ ತಂತ್ರಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ ಹೇಳಿಸಬೇಕು ಎಂಬುದು ಈ ದತ್ತಿಯ ಆಶಯ. ಇಂಥ ವೇದಿಕೆಗೆ ಸಾಮಾನ್ಯವಾಗಿ ಚಂದ್ರಯಾನ, ಕೃತಕ ಬುದ್ಧಿಮತ್ತೆಯಂಥ ದೊಡ್ಡ ವಿಷಯಗಳು ಬರುತ್ತವೆ. ನಾನು ಆರಿಸಿಕೊಂಡಿರುವ ಪ್ರಶ್ನೆ ಚಿಕ್ಕದು. ಡೇಟಾಬೇಸಿನಿಂದ ಒಂದು ಸಾಲು ಓದುವುದಕ್ಕೆ, ಯಾವ ಯಂತ್ರವೂ ಕೆಡದೆ ಇದ್ದಾಗ, ಒಮ್ಮೊಮ್ಮೆ ಯಾಕೆ ಅಷ್ಟು ತಡವಾಗುತ್ತದೆ? ಡಿಸ್ಕ್ ಚೆನ್ನಾಗಿದೆ, ಪ್ರೊಸೆಸರ್ ಅರ್ಧ ಖಾಲಿ ಕೂತಿದೆ, ನೆಟ್‌ವರ್ಕ್‌ನಲ್ಲಿ ದೋಷವಿಲ್ಲ. ಆದರೂ ಗ್ರಾಹಕರ ಮೊಬೈಲಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಐದು ನಿಮಿಷದಲ್ಲಿ ತಾನಾಗಿಯೇ ಸರಿಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ.

ಪುಣೆಯಲ್ಲಿ ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. 1981ರಲ್ಲಿ ಟಾಟಾದವರ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಟಿಆರ್‌ಡಿಡಿಸಿ ಇಲ್ಲಿ ಆರಂಭವಾಯಿತು. ಅದೇ ವರ್ಷ ಇನ್ಫೋಸಿಸ್ ಹುಟ್ಟಿದ್ದೂ ಇದೇ ಊರಿನಲ್ಲಿ. ಅದು ಬೆಂಗಳೂರಿಗೆ ಹೋದದ್ದು 1983ರಲ್ಲಿ. 1988ರಲ್ಲಿ ಸಿ-ಡ್ಯಾಕ್ ಬಂತು, 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಹೊರತಂದಿತು. ಡೇಟಾಬೇಸ್ ವಿಷಯದಲ್ಲೇ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಆನಂದ ದೇಶಪಾಂಡೆ 1990ರಲ್ಲಿ ಇಲ್ಲಿ ಪರ್ಸಿಸ್ಟೆಂಟ್ ಸಿಸ್ಟಮ್ಸ್ ಕಟ್ಟಿದರು. ಇವತ್ತು ಹಿಂಜವಡಿ, ಖರಾಡಿ, ಮಗರಪಟ್ಟಾಗಳ ಕಚೇರಿಗಳಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಿಂದ ಬಂದ ನಮ್ಮ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಅನೇಕರ ಕೆಲಸ ಹೊಸದನ್ನು ಕಟ್ಟುವುದಲ್ಲ, ಬೇರೆಯವರು ಕಟ್ಟಿದ್ದನ್ನು ರಾತ್ರಿ ಹಗಲು ಕಾಯುವುದು. ಆನ್‌ಕಾಲ್ ಎಂದು ಅವರು ಕರೆಯುವ ಈ ಪಾಳಿಯಲ್ಲಿ ನಡುರಾತ್ರಿ ಬರುವ ಫೋನುಗಳಲ್ಲಿ ದೊಡ್ಡ ಪಾಲು ‘ರೀಡ್ ಸ್ಲೋ ಆಗಿದೆ’ ಎಂಬುದು.

ನಾನು ಹೇಳಬೇಕೆಂದಿರುವುದು ಇಷ್ಟು: ಓದು ತಡವಾಗಿ ಕಂಡ ಜಾಗದಲ್ಲೇ ತಪ್ಪು ಇರಬೇಕಾಗಿಲ್ಲ. ಮೆಮೊರಿ ಎಂಬುದು ಓದುವವರು, ಬರೆಯುವವರು, ಅಳಿಸುವವರು ಎಲ್ಲರೂ ಹಂಚಿಕೊಂಡಿರುವ ಆಸ್ತಿ. ಒಬ್ಬರು ಬಳಸಿ ಬಿಟ್ಟದ್ದರ ಬೆಲೆಯನ್ನು ಇನ್ನೊಬ್ಬರು ಕಾಯುವುದರಲ್ಲಿ ತೆರುತ್ತಾರೆ. ಆದ್ದರಿಂದ ಪತ್ತೆಯ ಕೆಲಸ ಎಂದರೆ ಯಾರು ಎಷ್ಟು ಬಳಸಿದರು ಎಂಬ ಲೆಕ್ಕವನ್ನು ಗಡಿಯಾರದ ಜೊತೆ ಜೋಡಿಸುವುದು.

1. ಓದಿನ ಹಾದಿ

ಮೊದಲು ದೂರದ ಅಂದಾಜು ಬೇಕು. ಮುಖ್ಯ ಮೆಮೊರಿಯಿಂದ ಒಂದು ಮಾಹಿತಿ ಎತ್ತಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ಎಸ್‌ಎಸ್‌ಡಿಯಿಂದ ತರಲು ಅದರ ಸಾವಿರ ಪಟ್ಟು, ಅಂದರೆ ಸುಮಾರು 100 ಮೈಕ್ರೊಸೆಕೆಂಡ್. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಆದರೆ 10 ಮಿಲಿಸೆಕೆಂಡಿನ ಆಸುಪಾಸು, ಮೆಮೊರಿಯ ಲಕ್ಷ ಪಟ್ಟು. ಈ ಅಂತರ ಇರುವುದರಿಂದಲೇ ಪ್ರತಿ ಡೇಟಾಬೇಸೂ ಒಮ್ಮೆ ತಂದದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಲು ಒಂದು ಜಾಗ ಮೀಸಲಿಡುತ್ತದೆ. ಅದಕ್ಕೆ ಬಫರ್ ಎನ್ನಿ, ಕ್ಯಾಶ್ ಎನ್ನಿ.

ಗ್ರಂಥಾಲಯದ ಓದುವ ಕೋಣೆಯನ್ನು ನೆನೆಸಿಕೊಳ್ಳಿ. ಒಳಗಿನ ಕಪಾಟಿನಿಂದ ಅಟೆಂಡರ್ ತಂದ ಪುಸ್ತಕ ಮೇಜಿನ ಮೇಲೆ ಇದ್ದರೆ ಕೈ ಚಾಚಿದರೆ ಸಿಕ್ಕುತ್ತದೆ. ಇಲ್ಲದಿದ್ದರೆ ಚೀಟಿ ಬರೆದು ಕಾಯಬೇಕು. ಮೇಜು ತುಂಬಿದಾಗ ಹೊಸ ಪುಸ್ತಕ ಇಡಬೇಕಾದರೆ ಹಳೆಯದೊಂದು ಒಳಗೆ ಹೋಗಬೇಕು. ಯಾವುದನ್ನು ಕಳಿಸುವುದು ಎಂಬ ತೀರ್ಮಾನ ತಪ್ಪಿದರೆ, ಈಗ ಕಳಿಸಿದ ಪುಸ್ತಕವನ್ನೇ ಮರುಕ್ಷಣ ಯಾರೋ ಕೇಳುತ್ತಾರೆ. ಅಟೆಂಡರ್ ಓಡಾಡುತ್ತಲೇ ಇರುತ್ತಾನೆ, ಓದು ಮಾತ್ರ ಸಾಗುವುದಿಲ್ಲ. ಇನ್ನು ಕೆಲವು ಕೋಣೆಗಳಲ್ಲಿ ಮೇಜು ಒರೆಸುವಾಗ ಎಲ್ಲರೂ ಓದು ನಿಲ್ಲಿಸಿ ಕೈ ಮೇಲೆತ್ತಿ ಕೂರಬೇಕು ಎಂಬ ನಿಯಮವಿದೆ ಎಂದುಕೊಳ್ಳಿ. ಈ ಉಪನ್ಯಾಸದ ಎರಡು ಪಾತ್ರಗಳೂ ಇಲ್ಲಿಗೆ ಬಂದವು: ಮೇಜು ಬಫರ್, ಒರೆಸುವ ಹೊತ್ತು ಗಾರ್ಬೇಜ್ ಕಲೆಕ್ಷನ್, ಚಿಕ್ಕದಾಗಿ ಜಿಸಿ.

ಒಂದು ಸಣ್ಣ ಲೆಕ್ಕ. ನೂರು ಓದಿನಲ್ಲಿ 99 ಮೆಮೊರಿಯಲ್ಲೇ ಸಿಕ್ಕಿ ಒಂದು ಮಾತ್ರ ಡಿಸ್ಕಿಗೆ ಹೋಗುತ್ತಿದೆ. ಸಿಕ್ಕುವುದು 98ಕ್ಕೆ ಇಳಿಯಿತು. ಡ್ಯಾಶ್‌ಬೋರ್ಡಿನ ಗೆರೆ ಅಲುಗಿದ್ದೂ ಕಾಣುವುದಿಲ್ಲ. ಆದರೆ ಡಿಸ್ಕಿನ ಕೆಲಸ ಒಂದರಿಂದ ಎರಡಾಯಿತು, ನೇರ ದುಪ್ಪಟ್ಟು. ಕೆಲಸಕ್ಕೆ ನಿಜವಾಗಿ ಬೇಕಾದ ಪುಟಗಳ (ಮಾಹಿತಿಯನ್ನು ಎತ್ತಿಡುವ ತುಂಡುಗಳ) ಗುಂಪು ಮೆಮೊರಿಯಲ್ಲಿ ಹಿಡಿಯದೆ ಹೋದರೆ ಇಡೀ ಯಂತ್ರ ಪುಟ ತಂದು ಹಾಕುವುದರಲ್ಲೇ ಮುಳುಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ತೋರಿಸಿದ್ದರು. ಬೇಕಾದ ಗುಂಪು ಹಿಡಿಯುವ ತನಕ ಏನೂ ಕಾಣುವುದಿಲ್ಲ, ಅಂಚು ದಾಟಿದೊಡನೆ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ. ‘ನಿನ್ನೆಯವರೆಗೆ ಚೆನ್ನಾಗಿತ್ತು’ ಎಂಬ ಮಾತು ಸುಳ್ಳಾಗಿರುವುದು ಅಪರೂಪ.

2. ಕಸ ಎಲ್ಲಿಂದ ಬರುತ್ತದೆ

ಪ್ರೋಗ್ರಾಮ್ ಬಳಸಿ ಬಿಟ್ಟ ಮೆಮೊರಿಯನ್ನು ಯಂತ್ರವೇ ಹುಡುಕಿ ಮರಳಿ ಪಡೆಯಬೇಕು ಎಂಬ ಕಲ್ಪನೆ ಜಾನ್ ಮೆಕಾರ್ಥಿ ಅವರದು. ಲಿಸ್ಪ್ ಭಾಷೆಯ ಬಗ್ಗೆ 1960ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಅದು ಇದೆ. 1980ರ ದಶಕದಲ್ಲಿ ಹೆನ್ರಿ ಲೀಬರ್‌ಮನ್, ಕಾರ್ಲ್ ಹ್ಯೂವಿಟ್, ಡೇವಿಡ್ ಉಂಗಾರ್ ಮೊದಲಾದವರು ಒಂದು ಗಮನಿಕೆಯ ಮೇಲೆ ಇದನ್ನು ಬೆಳೆಸಿದರು: ಹೆಚ್ಚಿನ ವಸ್ತುಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಬೇಡವಾಗುತ್ತವೆ, ಉಳಿದುಕೊಂಡವು ಬಹಳ ಕಾಲ ಉಳಿಯುತ್ತವೆ. ಹಾಗಾದರೆ ಹೊಸಬರಿಗೆ ಒಂದು ಕೋಣೆ, ಹಳಬರಿಗೆ ಒಂದು ಕೋಣೆ ಮಾಡಿ. ಹೊಸಬರ ಕೋಣೆಯನ್ನು ಪದೇಪದೇ ಬೇಗ ಗುಡಿಸಿ, ಹಳಬರದ್ದನ್ನು ಅಪರೂಪಕ್ಕೆ. ಜಾವಾದ ಹೀಪ್, ಅಂದರೆ ಅದರ ಮೆಮೊರಿ ಅಂಗಳ, ನಡೆಯುವುದು ಇದೇ ಕ್ರಮದಲ್ಲಿ.

ವೆಬ್‌ಸೈಟಿನಂಥ ಸಾಮಾನ್ಯ ಪ್ರೋಗ್ರಾಮಿಗೆ ಈ ಊಹೆ ಚೆನ್ನಾಗಿ ಒಪ್ಪುತ್ತದೆ. ಡೇಟಾಬೇಸಿಗೆ ಒಪ್ಪುವುದಿಲ್ಲ. ಬರೆದ ಸಾಲುಗಳು ಡಿಸ್ಕಿಗೆ ಇಳಿಯುವ ತನಕ ಮೆಮೊರಿಯಲ್ಲಿ ಕೂರುತ್ತವೆ. ಕ್ಯಾಶಿನಲ್ಲಿಟ್ಟ ಪುಟ ಅರ್ಧ ಗಂಟೆ ಇದ್ದು ಹೊರಬೀಳುತ್ತದೆ. ಇವು ಎಳೆಯವೂ ಅಲ್ಲ, ಚಿರಂಜೀವಿಗಳೂ ಅಲ್ಲ. ಹಳಬರ ಕೋಣೆಗೆ ಹೋಗಿ ಅಲ್ಲಿ ಸಾಯುತ್ತವೆ. ಗುಡಿಸುವುದು ಅತ್ಯಂತ ದುಬಾರಿಯಾದ ಜಾಗದಲ್ಲೇ ಕಸ ತುಂಬುತ್ತದೆ.

ಎಚ್‌ಬೇಸ್ ಎಂಬ ಡೇಟಾಬೇಸ್ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ಅದರ ಬರಹದ ಬಫರ್ ಖಾಲಿಯಾದಾಗಲೆಲ್ಲ ಹಳಬರ ಕೋಣೆಯಲ್ಲಿ ಚಿಕ್ಕಚಿಕ್ಕ ತೂತುಗಳು ಉಳಿಯುತ್ತಿದ್ದವು. ಒಟ್ಟು ಲೆಕ್ಕದಲ್ಲಿ ಜಾಗ ಬೇಕಾದಷ್ಟಿದ್ದರೂ ಒಂದೇ ಕಡೆ ಸಿಗುತ್ತಿರಲಿಲ್ಲ. ಜಾವಾದಲ್ಲಿ ಆಗ ಕಸ ಗುಡಿಸುತ್ತಿದ್ದ ಸಿಎಂಎಸ್ ಎಂಬ ಕಲೆಕ್ಟರ್ ಕೊನೆಗೆ ಎಲ್ಲವನ್ನೂ ನಿಲ್ಲಿಸಿ ಹೀಪನ್ನು ಒತ್ತಾಗಿ ಜೋಡಿಸಲು ಹೊರಡುತ್ತಿತ್ತು. ದೊಡ್ಡ ಹೀಪ್‌ನಲ್ಲಿ ಈ ನಿಲುಗಡೆ ಎಷ್ಟು ಉದ್ದವಾಗುತ್ತಿತ್ತೆಂದರೆ, ಉಳಿದ ಸರ್ವರ್‌ಗಳು ‘ಈತ ಸತ್ತ’ ಎಂದು ತೀರ್ಮಾನಿಸಿ ಅವನ ಕೆಲಸ ಹಂಚಿಕೊಂಡುಬಿಡುತ್ತಿದ್ದವು. ಅವನು ಎದ್ದಾಗ ತನ್ನ ಸಾವಿನ ಸುದ್ದಿ ತಾನೇ ಕೇಳಿ ನಿಂತುಬಿಡುತ್ತಿದ್ದ. ಎಚ್‌ಬೇಸ್ ಬಳಗದವರು ಇದಕ್ಕೆ ಷೇಕ್ಸ್‌ಪಿಯರನ ನಾಯಕಿಯ ನೆನಪಿನಲ್ಲಿ ‘ಜೂಲಿಯಟ್ ಪಾಜ್’ ಎಂದೇ ಹೆಸರಿಟ್ಟರು. 2011ರಲ್ಲಿ ಆ ಬಳಗದ ಟಾಡ್ ಲಿಪ್ಕನ್ ಕಂಡುಕೊಂಡ ಪರಿಹಾರ ಸರಳ: ಸಾಲುಗಳನ್ನು ಚದುರಿಸಿ ಇಡದೆ 2 ಎಂಬಿಯ ಒಂದೇ ಅಳತೆಯ ತುಂಡುಗಳೊಳಗೆ ಇಡುವುದು. ಖಾಲಿಯಾದಾಗ ಉಳಿಯುವ ತೂತೂ ಒಂದೇ ಅಳತೆಯದು, ಮುಂದಿನ ತುಂಡಿಗೆ ಅದು ಸರಿಯಾಗಿ ಕೂರುತ್ತದೆ.

ಇಲ್ಲಿ ಗಮನಿಸಿ: ತೂತು ಮಾಡಿದ್ದು ಬರಹ, ನಿಂತದ್ದು ಓದು.

3. ಒಂದೇ ಸಂದೇಶವಿದ್ದ ಚಾನೆಲ್

ಓದೇ ಕಸವನ್ನು ಹುಟ್ಟಿಸಿದ ಒಂದು ಪ್ರಕರಣವೂ ಇದೆ. ಆಟಗಾರರು ಹರಟೆಗೆ ಬಳಸುವ ಡಿಸ್ಕಾರ್ಡ್ ಸಂಸ್ಥೆ ತಾನೇ 2017ರಲ್ಲಿ ಬಹಿರಂಗವಾಗಿ ಬರೆದುಕೊಂಡದ್ದು. ಅವರು ಸಂದೇಶಗಳನ್ನು ಅಪಾಚೆ ಕಸಾಂಡ್ರಾದಲ್ಲಿ ಇಟ್ಟಿದ್ದರು. ಕಸಾಂಡ್ರಾವನ್ನು ಫೇಸ್‌ಬುಕ್‌ನಲ್ಲಿ ಕಟ್ಟಿದವರು ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್. 2008ರಲ್ಲಿ ಅದನ್ನು ಎಲ್ಲರಿಗೂ ತೆರೆದಿಡಲಾಯಿತು. ಡಿಸ್ಕಾರ್ಡ್‌ನಲ್ಲಿ ತಿಂಗಳುಗಟ್ಟಲೆ ಎಲ್ಲ ಸರಿಯಾಗಿತ್ತು. ಒಂದು ದಿನ ಕಸಾಂಡ್ರಾ ಹತ್ತು ಹತ್ತು ಸೆಕೆಂಡ್ ನಿಂತು ನಿಂತು ಕಸ ಗುಡಿಸತೊಡಗಿತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಚಾನೆಲ್. ತೆರೆಯಲು ಇಪ್ಪತ್ತು ಸೆಕೆಂಡ್ ಹಿಡಿಯುತ್ತಿದ್ದ ಆ ಚಾನೆಲ್‌ನಲ್ಲಿ ಇದ್ದದ್ದು ಒಂದೇ ಒಂದು ಸಂದೇಶ!

ಅದರ ಯಜಮಾನರು ಲಕ್ಷಾಂತರ ಸಂದೇಶಗಳನ್ನು ಅಳಿಸಿ ಒಂದನ್ನು ಮಾತ್ರ ಉಳಿಸಿದ್ದರು. ಕಸಾಂಡ್ರಾದಲ್ಲಿ ಅಳಿಸುವುದೆಂದರೆ ಕೂಡಲೇ ತೆಗೆದುಹಾಕುವುದಲ್ಲ. ‘ಇದು ಅಳಿದಿದೆ’ ಎಂಬ ಗುರುತನ್ನು ಬರೆಯುವುದು. ಈ ಗುರುತಿಗೆ ಟೂಂಬ್‌ಸ್ಟೋನ್ ಎನ್ನುತ್ತಾರೆ. ಅಳಿಸಿದ ಸುದ್ದಿ ಬೇರೆ ಬೇರೆ ಸರ್ವರ್‌ಗಳಲ್ಲಿರುವ ಎಲ್ಲ ಪ್ರತಿಗಳಿಗೂ ತಲುಪಲಿ ಎಂದು ಅದನ್ನು ಹತ್ತು ದಿನ, ಅಂದರೆ 8,64,000 ಸೆಕೆಂಡ್ ಇಟ್ಟುಕೊಳ್ಳುವುದು ರೂಢಿಯ ಮೌಲ್ಯ. ಯಾರೋ ಆ ಚಾನೆಲ್ ತೆರೆದಾಗಲೆಲ್ಲ ಒಂದು ಸಂದೇಶಕ್ಕಾಗಿ ಲಕ್ಷಾಂತರ ಗುರುತುಗಳನ್ನು ಮೆಮೊರಿಗೆ ಎಳೆದು, ನೋಡಿ, ಬಿಸಾಡಬೇಕಾಗುತ್ತಿತ್ತು. ಜಾವಾ ಗುಡಿಸುವ ವೇಗಕ್ಕಿಂತ ಕಸ ಬೀಳುವ ವೇಗ ಹೆಚ್ಚಾಯಿತು. ಆ ಸರ್ವರಿನಲ್ಲಿದ್ದ ಬೇರೆ ಚಾನೆಲ್‌ಗಳ ಓದುಗರೂ ಜೊತೆಗೆ ಕಾದರು.

ಡಿಸ್ಕಾರ್ಡ್‌ನವರು ಮಾಡಿದ ಬದಲಾವಣೆಯಲ್ಲಿ ಕಲೆಕ್ಟರಿನ ಹೆಸರೇ ಇಲ್ಲ. ಅಳಿದ ಗುರುತಿನ ಆಯುಷ್ಯವನ್ನು ಹತ್ತು ದಿನದಿಂದ ಎರಡಕ್ಕೆ ಇಳಿಸಿದರು. ಪ್ರತಿರಾತ್ರಿ ಪ್ರತಿಗಳನ್ನು ಸರಿಹೊಂದಿಸುವ ರಿಪೇರಿ ನಡೆಸುತ್ತಿದ್ದುದರಿಂದ ಅದು ಸಾಧ್ಯವಾಯಿತು. ಖಾಲಿಯಾದ ಭಾಗಗಳನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅಲ್ಲಿಗೆ ಹೋಗದಂತೆ ಡೇಟಾಬೇಸಿಗೆ ಪ್ರಶ್ನೆ (ಕ್ವೆರಿ) ಕೇಳುವ ಕೋಡನ್ನು ತಿದ್ದಿದರು. ಲಕ್ಷಣ ಜಾವಾದಲ್ಲಿತ್ತು, ರೋಗ ಮಾಹಿತಿಯ ವಿನ್ಯಾಸದಲ್ಲಿತ್ತು. ಕಸಾಂಡ್ರಾ ತಾನೂ ಒಂದು ಪ್ರಶ್ನೆಗೆ 1,000 ಟೂಂಬ್‌ಸ್ಟೋನ್ ದಾಟಿದರೆ ಎಚ್ಚರಿಸುತ್ತದೆ, 1,00,000 ದಾಟಿದರೆ ಆ ಓದನ್ನೇ ನಿರಾಕರಿಸುತ್ತದೆ. ಆ ಎಚ್ಚರಿಕೆಯನ್ನು ಓದುವವರಿರಬೇಕು ಅಷ್ಟೆ.

4. ಲಾಗಿನಲ್ಲಿ ಕಂಡ ಸಾಲು

ಇನ್ನೊಂದು ಬಗೆಯ ಪ್ರಕರಣ ಇನ್ನೂ ಮೋಸಗಾರ. ಕಸಾಂಡ್ರಾದ 3ನೇ ಸರಣಿಯನ್ನು ಕಾಯುವವರಿಗೆ ಅದರ ಲಾಗಿನ, ಅಂದರೆ ಯಂತ್ರ ಬರೆದಿಡುವ ದಿನಚರಿಯ, ಒಂದು ಸಾಲು ಚಿರಪರಿಚಿತ: ಮೆಮೊರಿ ಬಳಕೆ 512 ಎಂಬಿಯ ಮಿತಿ ಮುಟ್ಟಿದೆ, 1 ಎಂಬಿಯ ಹೊಸ ತುಂಡು ಕೊಡಲಾಗದು. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದರ ಹಣೆಯ ಮೇಲೆ ಇರುವುದು ‘ಎರರ್’ ಅಲ್ಲ, ‘ವಾರ್ನಿಂಗ್’ ಕೂಡ ಅಲ್ಲ, ಬರೀ ‘ಇನ್ಫೋ’.

ಏನಾಗುತ್ತಿದೆ ನೋಡೋಣ. ಡಿಸ್ಕಿನಲ್ಲಿ ಮಾಹಿತಿ ಕುಗ್ಗಿಸಿದ ತುಂಡುಗಳಾಗಿ ಇರುತ್ತದೆ. ಆ ಸರಣಿಯಲ್ಲಿ ಒಂದು ತುಂಡಿನ ಮೂಲ ಅಳತೆ 64 ಕೆಬಿ. ನಿಮಗೆ ಬೇಕಾದ ಸಾಲು 200 ಬೈಟ್ ಇದ್ದರೂ ಇಡೀ ತುಂಡನ್ನು ಬಿಚ್ಚಬೇಕು. ಬಿಚ್ಚಿದ್ದನ್ನು ಹಿಡಿಯಲು ಹೀಪ್‌ನ ಹೊರಗೆ ಒಂದು ಬಫರ್ ಕೊಳ ಇದೆ. ಅದರ ಮಿತಿ, ನೀವು ಬೇರೆ ಹೇಳದಿದ್ದರೆ, ಹೀಪ್‌ನ ಕಾಲು ಭಾಗ ಅಥವಾ 512 ಎಂಬಿ, ಯಾವುದು ಕಡಿಮೆಯೋ ಅದು. ಕೊಳ ತುಂಬಿದಾಗ ಓದು ನಿಲ್ಲುವುದಿಲ್ಲ. ಆ ಕ್ಷಣಕ್ಕೆ ಬೇಕಾದ ಬಫರನ್ನು ಕೊಳದ ಹೊರಗಿನಿಂದ ತಂದು, ಬಳಸಿ, ಬಿಡುತ್ತದೆ. ಆ ‘ಹೊರಗು’ ಹೀಪ್‌ನೊಳಗೇ ಇರಲಿ ಎಂಬ ಒಂದು ಸೆಟ್ಟಿಂಗ್ ಉಂಟು. ಅದು ಚಾಲೂ ಇದ್ದರೆ ಕಥೆ ಶುರು.

ಅಂದಾಜಿಗೆ ಹೇಳುತ್ತೇನೆ: ಸೆಕೆಂಡಿಗೆ 2,000 ಓದು, ಪ್ರತಿ ಓದಿಗೆ ನಾಲ್ಕು ಫೈಲು, ಪ್ರತಿ ಫೈಲಿಗೆ 64 ಕೆಬಿ ಬಫರ್. ಗುಣಿಸಿದರೆ ಸೆಕೆಂಡಿಗೆ ಸುಮಾರು 500 ಎಂಬಿ. ಹೊಸಬರ ಕೋಣೆ 800 ಎಂಬಿ ಇದ್ದರೆ ಎರಡು ಸೆಕೆಂಡಿನೊಳಗೆ ತುಂಬಿತು. ಅಂದರೆ ಎರಡು ಸೆಕೆಂಡಿಗೊಮ್ಮೆ ಗುಡಿಸುವುದು, ಆ ಒತ್ತಡದಲ್ಲಿ ಇನ್ನೂ ಬಳಕೆಯಲ್ಲಿರುವ ಬಫರುಗಳು ಹಳಬರ ಕೋಣೆಗೆ ತಳ್ಳಿಸಿಕೊಳ್ಳುವುದು, ಕೊನೆಗೆ ಅಲ್ಲಿಯೂ ದೊಡ್ಡ ನಿಲುಗಡೆ. ತುಂಡನ್ನು 16 ಕೆಬಿಗೆ ಇಳಿಸಿದರೆ ಇದೇ ಲೆಕ್ಕ ಕಾಲು ಭಾಗಕ್ಕೆ ಇಳಿಯುತ್ತದೆ. ಕಸಾಂಡ್ರಾ 4.0 ತನ್ನ ಮೂಲ ಅಳತೆಯನ್ನು 16 ಕೆಬಿ ಮಾಡಿಕೊಂಡಿತು.

ಆದರೆ ಎಚ್ಚರ. ಎಷ್ಟೋ ಕಡೆ ಈ ಸಾಲು ಹಗಲೂ ರಾತ್ರಿ ಬರುತ್ತಿರುತ್ತದೆ, ಓದು ಮಾತ್ರ ರಾತ್ರಿ ಎರಡು ಗಂಟೆಗೆ ತಡವಾಗುತ್ತದೆ. ಹಾಗಿದ್ದರೆ ಈ ಸಾಲು ಅಪರಾಧಿಯಲ್ಲ, ಅಲ್ಲಿ ನಿಂತಿದ್ದ ದಾರಿಹೋಕ. ಕಣ್ಣಿಗೆ ಬಿದ್ದ ಸಾಲಿಗೆ ಆರೋಪ ಹೊರಿಸಿ ಸೆಟ್ಟಿಂಗ್ ಬದಲಿಸಿದರೆ, ತಡ ತಾನಾಗಿ ನಿಂತ ದಿನ ‘ನಾವು ಸರಿಪಡಿಸಿದೆವು’ ಎಂಬ ಸುಳ್ಳು ಜ್ಞಾನ ಉಳಿದುಬಿಡುತ್ತದೆ.

5. ಪತ್ತೆಯ ಕ್ರಮ

ಮೊದಲ ಪ್ರಶ್ನೆ: ಯಾರಿಗೆ ತಡ? ಸರಾಸರಿಯನ್ನು ನೋಡಬೇಡಿ. ಸಾವಿರ ಓದಿನಲ್ಲಿ 990 ಎರಡು ಮಿಲಿಸೆಕೆಂಡಿನಲ್ಲಿ ಮುಗಿದು ಹತ್ತು ಮಾತ್ರ ಒಂದು ಸೆಕೆಂಡ್ ಹಿಡಿದರೆ ಸರಾಸರಿ 12 ಮಿಲಿಸೆಕೆಂಡ್ ಎಂದು ನಗುತ್ತಿರುತ್ತದೆ. ಒಂದು ಪರದೆ ತುಂಬಲು ನೂರು ಸರ್ವರ್‌ಗಳನ್ನು ಕೇಳಬೇಕಾಗಿದ್ದು, ಪ್ರತಿಯೊಂದೂ ನೂರರಲ್ಲಿ ಒಂದು ಸಲ ತಡಮಾಡಿದರೆ, ನೂರರಲ್ಲಿ 63 ಪರದೆಗಳು ತಡವಾಗುತ್ತವೆ ಎಂದು ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ತೋರಿಸಿಕೊಟ್ಟರು. ಪಟ್ಟಿಯ ಬಾಲದಲ್ಲಿರುವ ಒಂದು ಶೇಕಡಾವನ್ನೇ ನೋಡಬೇಕು.

ಎರಡನೆಯದು: ಎಲ್ಲಿ ತಡ? ಕಸಾಂಡ್ರಾದಲ್ಲಿ ಪ್ರಶ್ನೆ ಪಡೆದ ಸರ್ವರ್ ಒಂದು, ಉತ್ತರ ಕೊಡುವವು ಬೇರೆ. ಅದರ ಜೊತೆ ಬರುವ ನೋಡ್‌ಟೂಲ್ ಎಂಬ ಸಲಕರಣೆಯ ಪ್ರಾಕ್ಸಿ ಹಿಸ್ಟೊಗ್ರಾಮ್ ಒಟ್ಟು ಕಾಯುವಿಕೆಯನ್ನು ಹೇಳುತ್ತದೆ, ಟೇಬಲ್ ಹಿಸ್ಟೊಗ್ರಾಮ್ ಆ ಸರ್ವರಿನೊಳಗಿನ ಓದನ್ನು ಮಾತ್ರ. ಒಳಗಿನದು ಬೇಗ, ಒಟ್ಟು ತಡ ಎಂದಾದರೆ ನೀವು ನೋಡುತ್ತಿರುವ ಸರ್ವರ್ ನಿರಪರಾಧಿ. ಅದು ಇನ್ನಾರಿಗೋ ಕಾಯುತ್ತಿದೆ. ಟೇಬಲ್ ಹಿಸ್ಟೊಗ್ರಾಮ್‌ನಲ್ಲೇ ಒಂದು ಓದು ಎಷ್ಟು ಫೈಲು ಮುಟ್ಟುತ್ತಿದೆ ಎಂಬುದೂ ಸಿಗುತ್ತದೆ.

ಮೂರನೆಯದು: ಗಡಿಯಾರ. ತಡವಾದ ಓದಿನ ವೇಳೆಯನ್ನೂ ನಿಲುಗಡೆಯ ವೇಳೆಯನ್ನೂ ಪಕ್ಕಪಕ್ಕ ಬರೆಯಿರಿ. ಕಸಾಂಡ್ರಾ 200 ಮಿಲಿಸೆಕೆಂಡ್ ದಾಟಿದ ನಿಲುಗಡೆಗಳನ್ನು ತಾನೇ ಲಾಗಿನಲ್ಲಿ ದಾಖಲಿಸುತ್ತದೆ. ಜಾವಾದ ಜಿಸಿ ಲಾಗ್ ಅದಕ್ಕಿಂತ ಸೂಕ್ಷ್ಮ. ಎರಡೂ ವೇಳೆಗಳು ಹೊಂದಿಕೊಂಡರೆ ಮುಂದಕ್ಕೆ ಹೋಗಿ, ಹೊಂದದಿದ್ದರೆ ಜಿಸಿಯನ್ನು ಬಿಟ್ಟು ಬೇರೆ ಕಡೆ ನೋಡಿ. ಸರ್ವರ್‌ಗಳ ಗಡಿಯಾರಗಳು ತಮ್ಮತಮ್ಮೊಳಗೆ ಸರಿಯಾಗಿವೆಯೇ ಎಂಬುದನ್ನು ಮೊದಲೇ ಖಚಿತಮಾಡಿಕೊಳ್ಳಿ.

ನಾಲ್ಕನೆಯದು: ನಿಲುಗಡೆಯೊಳಗೆ ನಡೆದದ್ದೇನು? ಜಿಸಿ ಲಾಗ್ ಮೂರು ಸಮಯ ಕೊಡುತ್ತದೆ: ಪ್ರೋಗ್ರಾಮ್ ಪ್ರೊಸೆಸರಿನಲ್ಲಿ ಕಳೆದದ್ದು, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಳೆದದ್ದು, ಗೋಡೆಯ ಗಡಿಯಾರದಲ್ಲಿ ಕಳೆದದ್ದು. ಕಲೆಕ್ಟರಿಗೆ ಅನೇಕ ಕೈಗಳಿರುವುದರಿಂದ ಆರೋಗ್ಯವಂತ ಲಾಗಿನಲ್ಲಿ ಮೊದಲನೆಯದೇ ಹೆಚ್ಚು. ಗೋಡೆಯ ಸಮಯ ಉಳಿದೆರಡರ ಮೊತ್ತಕ್ಕಿಂತ ಬಹಳ ಹೆಚ್ಚಿದ್ದರೆ ಕಲೆಕ್ಟರ್ ಕೆಲಸವನ್ನೇ ಮಾಡುತ್ತಿರಲಿಲ್ಲ, ಡಿಸ್ಕಿಗೋ, ಮೆಮೊರಿಯ ಪುಟಗಳನ್ನು ಡಿಸ್ಕಿನಲ್ಲಿ ತಳ್ಳಿಡುವ ಸ್ವ್ಯಾಪಿಗೋ ಕಾಯುತ್ತಿತ್ತು. ಹೀಪ್‌ನ ಪುಟಗಳು ಸ್ವ್ಯಾಪಿಗೆ ಹೋಗಿದ್ದರೆ ಗುಡಿಸುವಾಗ ಅವನ್ನೆಲ್ಲ ಮರಳಿ ಎಳೆಯಬೇಕು. ಮಿಲಿಸೆಕೆಂಡಿನ ಕೆಲಸ ಸೆಕೆಂಡುಗಳಾಗುತ್ತದೆ. ಕರ್ನಲ್ ಸಮಯ ಹೆಚ್ಚಿದ್ದರೆ ಆಪರೇಟಿಂಗ್ ಸಿಸ್ಟಮ್ ಮೆಮೊರಿ ಹೊಂದಿಸುವ ರೀತಿಯನ್ನು, ಮುಖ್ಯವಾಗಿ ದೊಡ್ಡ ಪುಟಗಳನ್ನು ಬಳಸುವ ಹ್ಯೂಜ್ ಪೇಜ್ ಸೆಟ್ಟಿಂಗನ್ನು ಅನುಮಾನಿಸಿ. ನಿಲ್ಲಿಸುವ ಮೊದಲು ಎಲ್ಲ ಥ್ರೆಡ್‌ಗಳೂ (ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎಳೆಗಳು) ಸೇಫ್‌ಪಾಯಿಂಟ್ ಎಂಬ ಜಾಗಕ್ಕೆ ಬರಬೇಕು. ಒಂದು ಥ್ರೆಡ್ ಡಿಸ್ಕಿನ ಪುಟಕ್ಕಾಗಿ ಸಿಕ್ಕಿಕೊಂಡರೆ ಉಳಿದವರೆಲ್ಲ ಅದಕ್ಕಾಗಿ ಕಾಯುತ್ತಾರೆ. ಆ ಕಾಯುವಿಕೆ ಜಿಸಿಯ ಖಾತೆಯಲ್ಲಿ ಕಾಣದೆ ಹೋಗಬಹುದು.

ಐದನೆಯದು ಎಲ್ಲಕ್ಕಿಂತ ಮುಖ್ಯ: ಗುಡಿಸಿದ ಮೇಲೆ ಏನು ಉಳಿಯುತ್ತದೆ? ಹೀಪ್ ಬಳಕೆಯ ಚಿತ್ರ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಹಲ್ಲುಗಳ ಬುಡವನ್ನು ನೋಡಿ. ಬುಡ ದಿನದಿನಕ್ಕೆ ಮೇಲೇರುತ್ತಿದ್ದರೆ ಯಾರೋ ಮೆಮೊರಿಯನ್ನು ಹಿಡಿದುಕೊಂಡು ಬಿಡುತ್ತಿಲ್ಲ. ಸೋರಿಕೆಯೋ, ಅಳತೆ ಮೀರಿದ ಕ್ಯಾಶೋ ಇದೆ. ಬುಡ ಸಮನಾಗಿದ್ದು ಹಲ್ಲುಗಳು ಒತ್ತೊತ್ತಾಗಿದ್ದರೆ ಯಾರೂ ಹಿಡಿದುಕೊಂಡಿಲ್ಲ, ಆದರೆ ಬಿಸಾಡುವ ವೇಗ ಹೆಚ್ಚು. ಮೊದಲನೆಯದಕ್ಕೆ ಹೀಪ್ ಡಂಪ್, ಅಂದರೆ ಹೀಪ್‌ನ ಆ ಕ್ಷಣದ ಪ್ರತಿ ತೆಗೆದು ಹಿಡಿದವರನ್ನು ಹುಡುಕಬೇಕು. ಎರಡನೆಯದಕ್ಕೆ ಡಂಪ್ ತೆಗೆದರೆ ಏನೂ ಸಿಗುವುದಿಲ್ಲ. ಯಾವ ಪ್ರಶ್ನೆ ಹೆಚ್ಚು ಬಫರ್ ಬೇಡುತ್ತಿದೆ ಎಂದು ಹುಡುಕಬೇಕು. ಈ ಭೇದ ತಿಳಿಯದೆ ಹೋದರೆ ಎಷ್ಟು ದಿನ ದುಡಿದರೂ ತಪ್ಪು ಬಾಗಿಲನ್ನೇ ತಟ್ಟುತ್ತಿರುತ್ತೇವೆ.

6. ಹೀಪ್ ದೊಡ್ಡದು ಮಾಡಿದರೆ ಸಾಲದೇ?

ಎಲ್ಲರ ಕೈ ಮೊದಲು ಹೋಗುವುದು ಅಲ್ಲಿಗೇ. ಒಂದು ಸರ್ವರಿನ ಮೆಮೊರಿಗೆ ಮೂವರು ಹಕ್ಕುದಾರರು: ಜಾವಾ ಹೀಪ್, ಹೀಪ್‌ನ ಹೊರಗಿನ ಬಫರುಗಳು, ಮತ್ತು ಆಪರೇಟಿಂಗ್ ಸಿಸ್ಟಮ್ ಫೈಲುಗಳಿಗಾಗಿ ಇಟ್ಟುಕೊಳ್ಳುವ ಪೇಜ್ ಕ್ಯಾಶ್. ಮೂರನೆಯದು ಯಾವ ಕಾನ್ಫಿಗರೇಶನ್ ಫೈಲಿನಲ್ಲೂ ಕಾಣುವುದಿಲ್ಲ. ಲಿನಕ್ಸ್‌ನಲ್ಲಿ ‘ಫ್ರೀ’ ಎಂಬ ಆದೇಶ ಕೊಟ್ಟರೆ ಒಂದು ಕಂಬಸಾಲಿನಲ್ಲಿ ಮೌನವಾಗಿ ನಿಂತಿರುತ್ತದೆ. ಹೀಪಿಗೆ ಹೆಚ್ಚು ಕೊಟ್ಟಾಗಲೆಲ್ಲ ಕಿತ್ತುಕೊಂಡದ್ದು ಅದರ ಪಾಲಿನಿಂದ. ಜಿಸಿ ಸುಧಾರಿಸಿತು, ಡಿಸ್ಕ್ ಓದು ಹೆಚ್ಚಿತು, ಒಟ್ಟು ತಡ ಇದ್ದಲ್ಲೇ ಇತ್ತು ಎಂಬುದು ಹೀಗೆ ಆಗುತ್ತದೆ.

ಇನ್ನೊಂದು ಗಡಿ 32 ಜಿಬಿ. ಅದರ ಕೆಳಗೆ ಜಾವಾ ಒಂದು ವಸ್ತುವಿನ ವಿಳಾಸವನ್ನು ನಾಲ್ಕು ಬೈಟಿನಲ್ಲಿ ಬರೆಯಬಲ್ಲದು. ದಾಟಿದರೆ ಎಂಟು ಬೈಟ್. ಹೀಗಾಗಿ 34 ಜಿಬಿಯ ಹೀಪ್ 31 ಜಿಬಿಯದಕ್ಕಿಂತ ಕಡಿಮೆ ಸರಕು ಹಿಡಿಯಬಹುದು.

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಎನ್ನುವವರಿಗೆ ಒಂದು ಮಾತು. ಸರಿಹೋಗುವುದು ನಿಜ, ಏಕೆಂದರೆ ಹೀಪ್ ಖಾಲಿಯಾಗುತ್ತದೆ. ಆದರೆ ಅದರ ಜೊತೆ ಬಿಸಿಯಾಗಿದ್ದ ಕ್ಯಾಶೂ ಖಾಲಿ, ಸಾಕ್ಷ್ಯವೂ ಖಾಲಿ.

7. ಜಾವಾ ಇಲ್ಲದ ಕಡೆ

ಜಾವಾ ಬಿಟ್ಟರೆ ಕಸವೂ ಹೋಯಿತು ಎಂದುಕೊಳ್ಳಬೇಡಿ. ಪೋಸ್ಟ್‌ಗ್ರೆಸ್ ಸಿ ಭಾಷೆಯಲ್ಲಿದೆ. ಅಲ್ಲಿ ಸಾಲನ್ನು ತಿದ್ದಿದರೆ ಹಳೆಯ ಪ್ರತಿ ಉಳಿದು ಹೊಸದು ಹುಟ್ಟುತ್ತದೆ, ಓದುತ್ತಿರುವವರಿಗೆ ಅಡ್ಡಿಯಾಗದಿರಲಿ ಎಂದು. ಹಳೆಯ ಪ್ರತಿಗಳನ್ನು ವ್ಯಾಕ್ಯೂಮ್ ಎಂಬ ಕೆಲಸಗಾರ ತೆಗೆಯಬೇಕು. ಯಾರೋ ಒಬ್ಬರು ಟ್ರಾನ್ಸಾಕ್ಷನ್ ತೆರೆದಿಟ್ಟು ಊಟಕ್ಕೆ ಹೋದರೆ ವ್ಯಾಕ್ಯೂಮ್ ಕೈಕಟ್ಟಿ ನಿಲ್ಲುತ್ತದೆ. ಸತ್ತ ಪ್ರತಿಗಳು 8 ಕೆಬಿಯ ಪುಟಗಳನ್ನು ತುಂಬಿ, ಆ ಪುಟಗಳು ಬಫರನ್ನು ತುಂಬಿ, ಓದು ನಿಧಾನವಾಗುತ್ತದೆ. ಪ್ರಶ್ನೆಯ ಎಕ್ಸ್‌ಪ್ಲೇನ್‌ಗೆ ಅನಲೈಜ್, ಬಫರ್ಸ್ ಎಂದು ಸೇರಿಸಿ ಕೇಳಿದರೆ ಎಷ್ಟು ಪುಟ ಬಫರಿನಲ್ಲಿ ಸಿಕ್ಕಿತು, ಎಷ್ಟು ಹೊರಗಿನಿಂದ ಬಂತು ಎಂದು ಅದೇ ಹೇಳುತ್ತದೆ.

ಮೇಜು ಕಾಯುವ ಚಿಂತೆಯೂ ಜಾವಾದ ಹೊರಗೆ ತಪ್ಪದು. ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಎಂಬ ಎಂಜಿನ್ ತನ್ನ ಬಫರಿನಲ್ಲಿ ಹೊಸ ಪುಟವನ್ನು ಪಟ್ಟಿಯ ತಲೆಗೆ ಏರಿಸುವುದಿಲ್ಲ; ಕೊನೆಯಿಂದ ಎಂಟರಲ್ಲಿ ಮೂರು ಭಾಗದ ಜಾಗಕ್ಕೆ ಸೇರಿಸುತ್ತದೆ. ಒಂದು ಸೆಕೆಂಡಿನ ನಂತರವೂ ಯಾರಾದರೂ ಕೇಳಿದರೆ ಮಾತ್ರ ಮೇಲಕ್ಕೆ. ರಾತ್ರಿಯ ಬ್ಯಾಕಪ್ ಇಡೀ ಟೇಬಲ್ ಓದಿಕೊಂಡು ಹೋಗುವಾಗ ಹಗಲಿನ ಗ್ರಾಹಕರ ಪುಟಗಳನ್ನು ಹೊರದೂಡದಿರಲಿ ಎಂಬ ಎಚ್ಚರ ಅದು.

ಇತ್ತ ಜಾವಾದಲ್ಲೇ ಉಳಿದವರೂ ಸುಮ್ಮನಿರಲಿಲ್ಲ. ಎಚ್‌ಬೇಸ್ 2018ರ 2.0 ಆವೃತ್ತಿಯಲ್ಲಿ ಓದಿನ ಹಾದಿಯನ್ನೇ ಹೀಪ್‌ನ ಹೊರಗೆ ಸಾಗಿಸಿತು. ಆ ಕೆಲಸದಲ್ಲಿ ಬೆಂಗಳೂರಿನ ಇಂಜಿನಿಯರುಗಳ ಪಾಲು ದೊಡ್ಡದು. ಜಾವಾ ತಾನೂ ಬದಲಾಗಿದೆ: ಸಿಎಂಎಸ್ ಅನ್ನು 2020ರಲ್ಲಿ ತೆಗೆದುಹಾಕಲಾಯಿತು, ಅದೇ ವರ್ಷ ನಿಲುಗಡೆಯನ್ನು ಕೆಲವೇ ಮಿಲಿಸೆಕೆಂಡಿಗೆ ಇಳಿಸುವ ಜಡ್‌ಜಿಸಿ ಬಳಕೆಗೆ ಸಿದ್ಧವಾಯಿತು. ಡಿಸ್ಕಾರ್ಡ್ 2022ರಲ್ಲಿ ಕಸಾಂಡ್ರಾವನ್ನೇ ಬಿಟ್ಟು ಸಿ++ನಲ್ಲಿ ಬರೆದ ಸಿಲ್ಲಾಡಿಬಿಗೆ ಹೋಯಿತು. 177 ಸರ್ವರ್‌ಗಳ ಕೆಲಸ 72ರಲ್ಲಿ ಆಯಿತು, ಹಳೆಯ ಸಂದೇಶಗಳ ಓದಿನ ಬಾಲ 40ರಿಂದ 125 ಮಿಲಿಸೆಕೆಂಡ್ ಇದ್ದದ್ದು 15ಕ್ಕೆ ಇಳಿಯಿತು. ಹಾಗೆ ಹೋಗುವಾಗಲೂ ಅವರು ಡೇಟಾಬೇಸಿನ ಮುಂದೆ ಒಂದು ಸೇವೆಯನ್ನು ಇಟ್ಟು, ಅನೇಕರು ಒಂದೇ ಸಾಲನ್ನು ಒಟ್ಟಿಗೆ ಕೇಳಿದಾಗ ಒಂದೇ ಸಲ ಓದುವಂತೆ ಮಾಡಿಕೊಂಡರು. ಯಂತ್ರ ಬದಲಿಸಿದವರೂ ಬಳಕೆಯ ಲೆಕ್ಕ ಬಿಡಲಿಲ್ಲ.

8. ಪುಣೆಯ ಕೆಲಸಗಾರರಿಗೆ

ಇಷ್ಟು ಹೊತ್ತು ಹೇಳಿದ್ದರಲ್ಲಿ ತಾಂತ್ರಿಕವಾಗಿ ಗುಟ್ಟಿನದು ಯಾವುದೂ ಇಲ್ಲ. ಹಾಗಾದರೆ ಇದೇ ದೂರು ಮತ್ತೆ ಮತ್ತೆ ಯಾಕೆ ಬರುತ್ತದೆ? ನನಗೆ ಕಾಣುವ ಕಾರಣ ಕೆಲಸದ ಹಂಚಿಕೆಯಲ್ಲಿದೆ. ಟೇಬಲ್ ವಿನ್ಯಾಸ ಮಾಡಿದವರು ಒಂದು ದೇಶದಲ್ಲಿ, ಅಳಿಸುವ ಕೋಡ್ ಬರೆದವರು ಇನ್ನೊಂದು ಊರಿನಲ್ಲಿ, ಸರ್ವರ್ ಕಾಯುವವರು ಹಿಂಜವಡಿಯಲ್ಲಿ. ಕಾಯುವವರಿಗೆ ಹೀಪ್ ಹೆಚ್ಚಿಸುವ, ರೀಸ್ಟಾರ್ಟ್ ಮಾಡುವ ಅಧಿಕಾರ ಇದೆ; ವಿನ್ಯಾಸ ಮುಟ್ಟುವ ಅಧಿಕಾರ ಇಲ್ಲ. ಆದ್ದರಿಂದ ಎಲ್ಲ ರೋಗಕ್ಕೂ ಅವರ ಕೈಯಲ್ಲಿರುವ ಎರಡೇ ಮದ್ದು. ಮರುದಿನ ಗ್ರಾಹಕರು ಕೇಳುವ ಆರ್‌ಸಿಎ, ಅಂದರೆ ಮೂಲಕಾರಣದ ವರದಿಯಲ್ಲಿ ‘ಜಿಸಿಯಿಂದ ತಡವಾಯಿತು’ ಎಂದು ಬರೆದು ಮುಗಿಸುತ್ತಾರೆ. ಜಿಸಿ ಮೂಲವಲ್ಲ, ಮಧ್ಯದ ಕೊಂಡಿ. ಯಾರ ಕಸ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಮೂವರೂ ಒಂದೇ ಮೇಜಿಗೆ ಬರಬೇಕು ಎಂಬ ಉಪದೇಶದಿಂದ ಇದು ಬಗೆಹರಿಯುವುದಿಲ್ಲ. ಕಾಯುವವರ ಕೈಯಲ್ಲಿ ಸಾಕ್ಷ್ಯವಿದ್ದರೆ ಬಗೆಹರಿಯುತ್ತದೆ. ರೀಸ್ಟಾರ್ಟ್ ಬಟನ್ ಒತ್ತುವ ಮುನ್ನ ಐದು ವಸ್ತು ತೆಗೆದಿಡುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿಡಿ: ಜಿಸಿ ಲಾಗಿನ ಪ್ರತಿ, ಎರಡೂ ಹಿಸ್ಟೊಗ್ರಾಮ್‌ಗಳು, ಥ್ರೆಡ್‌ಗಳ ಸ್ಥಿತಿ, ಮೆಮೊರಿ ಮತ್ತು ಸ್ವ್ಯಾಪಿನ ಲೆಕ್ಕ, ಡಿಸ್ಕಿನ ಓದಿನ ವೇಗ. ಅದು ನಡೆಯಲು ಒಂದೆರಡು ನಿಮಿಷ ಸಾಕು. ಗ್ರಾಹಕರು ಅಷ್ಟು ಕಾಯಬಲ್ಲರೇ ಎಂದು ಮ್ಯಾನೇಜರ್ ಕೇಳಿದರೆ, ನಾಳೆ ರಾತ್ರಿ ಮತ್ತೆ ಕಾಯುವುದಕ್ಕಿಂತ ಅದು ಕಡಿಮೆ ಎಂದು ಹೇಳಿ. ವರದಿಯಲ್ಲಿ ‘ಜಿಸಿ’ ಎಂದು ಬರೆದಾಗಲೆಲ್ಲ ಅದರ ಮುಂದಿನ ಸಾಲಿನಲ್ಲಿ ಯಾವ ಟೇಬಲ್, ಯಾವ ಪ್ರಶ್ನೆ, ಸೆಕೆಂಡಿಗೆ ಎಷ್ಟು ಎಂಬಿ ಎಂದು ಬರೆಯಿರಿ. ಸಂಖ್ಯೆ ಇಲ್ಲದ ದೂರನ್ನು ದೂರದ ಊರಿನ ವಿನ್ಯಾಸಕಾರ ತಳ್ಳಿಹಾಕಬಹುದು. ತನ್ನ ಟೇಬಲ್‌ನ ಹೆಸರೂ ಸಂಖ್ಯೆಯೂ ಇರುವ ದೂರಿಗೆ ಆತ ಉತ್ತರ ಕೊಡಲೇಬೇಕಾಗುತ್ತದೆ.